ಡಾಕ್ಟರ್ ಶೌಕಿ ಎಡಗೈ ಯಾಕೆ ಕೊಟ್ಟರು

ಶೌಕಿಯವರು ತೀರಿಕೊಂಡ ನಲವತ್ತನೆಯ ದಿನದ ಸ್ಮರಣೆಗೆಂದು ಕೆಲಸ ಬಿಟ್ಟು ಬಂದಿರುವ ಎಲ್ಲರಿಗೂ, ಮುಂದಿನ ಸಾಲಿನಲ್ಲಿ ಕುಳಿತಿರುವ ಅವರ ಪತ್ನಿ ಮದಾಮ್ ಇಬ್ತಿಹಾಲ್ ಅವರಿಗೆ, ಮಕ್ಕಳಿಗೆ — ನನ್ನ ಸಲಾಂ. ದೇವರು ಅವರ ಮೇಲೆ ಕರುಣೆ ಇಡಲಿ. ನಿಮಗೆ ತಾಳಿಕೊಳ್ಳುವ ಶಕ್ತಿ ಕೊಡಲಿ.

ನಾನು ನಗ್ಲಾ. ಅವರ ಲೇಸರ್ ಪ್ರಯೋಗಾಲಯದಲ್ಲಿ ಅವರ ಜೊತೆಗೇ ಕೂದಲು ಬೆಳ್ಳಗಾದವಳು. ಬರೆದುಕೊಂಡು ಬಂದ ಭಾಷಣ ಇಗೋ, ಇಲ್ಲಿದೆ. ಇದನ್ನು ಮಡಚಿ ಕೈಚೀಲಕ್ಕೆ ಹಾಕುತ್ತಿದ್ದೇನೆ — ಹಾಕಿದೆ. ಯಾಕೆಂದರೆ ನನಗಿಂತ ಮುಂಚೆ ಮಾತಾಡಿದ ಸಫ್ವತ್ ಬೇ ಸಾಹೇಬರು ನಮಗೆಲ್ಲ ಒಂದು ಕಥೆ ಹೇಳಿದರು. ಶೌಕಿ ಟೀವಿಯವರ ಮುಂದೆ ಸಫ್ವತ್ ಬೇ ಅವರ ಕೊರಳಪಟ್ಟಿ ಹಿಡಿದು ಎಳೆದದ್ದು. ಆಮೇಲೆ ತಾವು ದೊಡ್ಡ ಮನಸ್ಸು ಮಾಡಿ ಕೈ ಚಾಚಿದರೆ ಎಡಗೈ ಕೊಟ್ಟದ್ದು. ತಲೆ ದೊಡ್ಡದಿತ್ತು, ನಡತೆ ಮಾತ್ರ ಕಲಿಯಲಿಲ್ಲ, ದೇವರು ಕ್ಷಮಿಸಲಿ ಅಂದರು. ನೀವೆಲ್ಲ ನಕ್ಕಿರಿ. ಮದಾಮ್ ಇಬ್ತಿಹಾಲ್ ತಲೆ ತಗ್ಗಿಸಿದರು.

ಆ ಕಥೆಗೆ ಇನ್ನೂ ಅರ್ಧ ಇದೆ. ಅದನ್ನು ಬಲ್ಲವಳು ಈಗ ನಾನೊಬ್ಬಳೇ. ಸಫ್ವತ್ ಬೇ ಅವತ್ತು ಸಂಶೋಧನಾ ನಿಧಿಯ ಅಧ್ಯಕ್ಷರಾಗಿದ್ದರು, ಇವತ್ತೂ ಅವರೇ. ನಮ್ಮ ಲ್ಯಾಬ್ ಇರಬೇಕೋ ಬೇಡವೋ ಅಂತ ಬರುವ ವಾರ ಅವರ ಸಮಿತಿ ತೀರ್ಮಾನ ಮಾಡುತ್ತದೆ. ಹಿಂದೆ ಕುಳಿತ ನನ್ನ ವಿದ್ಯಾರ್ಥಿಗಳು ಕಣ್ಸನ್ನೆ ಮಾಡುತ್ತಿದ್ದಾರೆ — ಬೇಡ ಡಾಕ್ಟರ್, ಬೇಡ. ಗೊತ್ತು ಮಕ್ಕಳೇ. ಆದರೂ ಹೇಳುತ್ತೇನೆ.

ನಮ್ಮ ಕೆಲಸ ಏನು ಅಂತ ಮೊದಲು ಕೇಳಿ. ಗಾಜಿನ ಮೇಲ್ಮೈಯನ್ನು ಮುಟ್ಟದೆ, ಅದರ ಹೊಟ್ಟೆಯೊಳಗೆ, ಬೆಳಕು ಹರಿಯುವುದಕ್ಕೆ ದಾರಿ ಬರೆಯುತ್ತೇವೆ. ಬರೆಯುವುದೂ ಬೆಳಕಿನಿಂದಲೇ, ಹುಟ್ಟುವಷ್ಟರಲ್ಲಿ ಮುಗಿದುಹೋಗುವ ಲೇಸರ್ ಮಿಡಿತಗಳಿಂದ. ಉಗುರಗಲದ ಆ ಗಾಜಿನ ಮೇಲೆ ಒಂದು ಹನಿ ರಕ್ತ ಇಟ್ಟರೆ ಈ ಲಿವರ್ ಇದೆಯಲ್ಲ, ಅದರ ಕಾಯಿಲೆ ಶುರುವಾಗುವಾಗಲೇ ತಿಳಿಯಬೇಕು — ಇದು ಶೌಕಿಯ ಹಟ. ಅವರ ಅಣ್ಣ ಅದೇ ಕಾಯಿಲೆಗೆ, ತಡವಾಗಿ ಗೊತ್ತಾಗಿ, ಹೋದವರು. ಇವತ್ತು ಆ ಗಾಜು ಆಸ್ಪತ್ರೆಗಳಲ್ಲಿ ಪರೀಕ್ಷೆಗೆ ಇಳಿದಿದೆ.

ಆದರೆ ಆ ಲೇಸರ್ ಕಣ್ಣಿಗೆ ಕಾಣುವುದಿಲ್ಲ. ಕಾಣುವುದಿಲ್ಲ, ಆದರೆ ಕಣ್ಣನ್ನು ಉಳಿಸುವುದೂ ಇಲ್ಲ. ಹಾಗಾಗಿ ನಮ್ಮ ಲ್ಯಾಬಿನಲ್ಲಿ ಕುರ್ಚಿ ಇಲ್ಲ. ಕೂತರೆ ಕಣ್ಣು ಕಿರಣದ ಮಟ್ಟಕ್ಕೆ ಬರುತ್ತದೆ. ಏನಾದರೂ ಕೆಳಗೆ ಬಿದ್ದರೆ ಯಾರೂ ಬಾಗುವುದಿಲ್ಲ. ಮೇಜಿಗೆ ಬೆನ್ನು ಮಾಡಿ, ಕಣ್ಣು ಮುಚ್ಚಿ, ಕುಕ್ಕರುಗಾಲಲ್ಲಿ ಕೂತು — ಹೀಗೆ — ನೆಲ ತಡವಿ ಎತ್ತಿಕೊಳ್ಳುತ್ತೇವೆ. ಮನೆಯಲ್ಲಿ ಚಮಚ ಬಿದ್ದರೂ ನಾನು ಒಲೆಗೆ ಬೆನ್ನು ಮಾಡಿಯೇ ಕೂರುವುದು. ಇವಳಿಗೇನು ಬಂತು ಅಂತ ಅಮ್ಮ ಬೈಯುತ್ತಾರೆ.

ಅವತ್ತು ಸಫ್ವತ್ ಬೇ ಲ್ಯಾಬ್ ನೋಡಲು ಬಂದರು, ಜೊತೆಗೆ ಟೀವಿಯವರೂ ಬಂದಿದ್ದರು. ಒಳಗಿನ ಉಪಕರಣದ ಚಿತ್ರ ಚೆನ್ನಾಗಿ ಬರಲಿ ಅಂತ ಆಗಿನ ನಿರ್ದೇಶಕರು ಕಿರಣದ ದಾರಿಯ ಮೇಲಿನ ಮುಚ್ಚಳ ತೆಗೆಸಿದರು. ಶೌಕಿ ಬೇಡ ಬೇಡ ಅಂದರು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಎಲ್ಲರಿಗೂ ರಕ್ಷಣೆಯ ಕನ್ನಡಕ ಕೊಟ್ಟಿದ್ದೆವು. ಸಫ್ವತ್ ಬೇ, ನಿಮ್ಮ ಕನ್ನಡಕ ಮಂಜಾಗುತ್ತಿತ್ತು. ನೀವು ಅದನ್ನು ಹಣೆಯ ಮೇಲಕ್ಕೆ ಸರಿಸಿದಿರಿ. ಅದೇ ಹೊತ್ತಿಗೆ ನಿಮ್ಮ ಜಪಸರ ಕೈಯಿಂದ ಜಾರಿ ಮೇಜಿನ ಕಾಲ ಹತ್ತಿರ ಬಿತ್ತು. ಜಪಸರ ನೆಲಕ್ಕೆ ಬಿದ್ದರೆ ನಮ್ಮಲ್ಲಿ ಯಾರು ತಾನೇ ಬಿಡುತ್ತಾರೆ? ಯೋಚನೆ ಮಾಡುವ ಮುಂಚೆಯೇ ಮೈ ಬಾಗುತ್ತದೆ. ನೀವು ಬಾಗಿದಿರಿ.

ಲೇಸರ್ ನಿಲ್ಲಿಸುವ ಗುಂಡಿ ಗೋಡೆಯ ಮೇಲೆ, ನನ್ನ ಹಿಂದೆ. ನಾನು ತಿರುಗಿ ಅದನ್ನು ಒತ್ತಬೇಕು. ಅಷ್ಟರಲ್ಲಿ ನಿಮ್ಮ ಬರಿಗಣ್ಣು — ಇಲ್ಲಿ. ಕಿರಣ — ಇಲ್ಲಿ. ನಡುವೆ ಒಂದು ಅಂಗೈಯಷ್ಟು ಜಾಗ. ಆ ಜಾಗದಲ್ಲಿ ಶೌಕಿ ತಮ್ಮ ಬಲ ಅಂಗೈ ಇಟ್ಟರು. ಎಡಗೈಯಲ್ಲಿ ನಿಮ್ಮ ಕೊರಳಪಟ್ಟಿ ಹಿಡಿದು ಹಿಂದಕ್ಕೆಳೆದರು. ನಾನು ಗುಂಡಿ ಒತ್ತುವವರೆಗೂ ಆ ಬಲಗೈಯನ್ನು ಅಲ್ಲಿಂದ ತೆಗೆಯಲಿಲ್ಲ.

ಟೀವಿಯಲ್ಲಿ ಬಂದದ್ದು ಎಡಗೈ ಮಾತ್ರ.

ಯಾರ ಕೊರಳಿಗೆ ಕೈ ಹಾಕಿದ್ದೀಯ ಗೊತ್ತಾ ನಿಂಗೆ, ಅಂದಿರಿ ನೀವು. ಶೌಕಿ ಬಲಗೈಯನ್ನು ಕೋಟಿನ ಜೇಬಿಗೆ ತೂರಿಸಿ, "ಗೊತ್ತು ಬೇ. ತಪ್ಪಾಯ್ತು, ಕಾಲು ಜಾರ್ತು" ಅಂದರು. ನೀವು ಕೈ ಚಾಚಿದಿರಿ. ಆ ಜೇಬಿನ ಕೈಯನ್ನು ಕ್ಯಾಮೆರಾ ಮುಂದೆ ಅವರು ಹೇಗೆ ಹೊರಗೆ ತೆಗೆಯಬೇಕಿತ್ತು? ಎಡಗೈ ಕೊಟ್ಟರು. ಎಡಗೈ ಕೊಟ್ಟರೆ ಏನರ್ಥ ಅಂತ ಅವರಿಗೆ ಗೊತ್ತಿರಲಿಲ್ಲವೇ? ನಿಮ್ಮ ಮುಖ ಕೆಂಪಾದದ್ದನ್ನು ನನಗಿಂತ ಚೆನ್ನಾಗಿ ಅವರೇ ನೋಡಿದರು.

ನೀವೆಲ್ಲ ಹೋದ ಮೇಲೆ ನಲ್ಲಿಯ ಕೆಳಗೆ ಆ ಸುಟ್ಟ ಕೈ ಹಿಡಿದು ನಾನು ಕೂಗಾಡಿದೆ. ಅಪಘಾತ ಅಂತ ಬರೆದುಕೊಡಿ, ಮುಚ್ಚಳ ತೆಗೆಸಿದ್ದು ಯಾರು ಅಂತಲೂ ಬರೆಯಿರಿ ಅಂದೆ. ಅವರು ತಲೆ ಅಲ್ಲಾಡಿಸಿದರು. "ಬರೆದ್ರೆ ನಾಳೆನೇ ಬೀಗ ಹಾಕ್ತಾರೆ ನಗ್ಲಾ. ಹಾಕೋಕೆ ಒಂದು ಸಹಿ ಸಾಕು, ತೆಗೆಸೋಕೆ ನಮ್ಮ ಆಯಸ್ಸು ಸಾಲಲ್ಲ. ನನ್ನ ಹುಚ್ಚ ಅಂದ್ಕೊಳ್ಳಲಿ ಬಿಡು. ಹುಚ್ಚನ್ನ ಇಟ್ಕೊಂಡೂ ಲ್ಯಾಬ್ ನಡೆಯುತ್ತೆ."

ನಡೆಯಿತು. ಅವರಿಗೆ ಬರಬೇಕಿದ್ದ ನಿರ್ದೇಶಕರ ಹುದ್ದೆ ಬರಲಿಲ್ಲ. ನಡತೆ ಸರಿಯಿಲ್ಲ ಅಂದರು. ಮದುವೆ ಮನೆಗಳಲ್ಲಿ ಜನ ಕೊರಳಪಟ್ಟಿ ಮುಟ್ಟಿಕೊಂಡು ಅವರನ್ನು ಅಣಕಿಸಿದರು, ಅವರೂ ಜೊತೆಗೆ ನಕ್ಕರು. ಬರೆಯದೆ ಬಿಟ್ಟದ್ದು ತಪ್ಪು ಅಂತ ನಾನು ಆಗಲೂ ಹೇಳಿದೆ, ಈಗಲೂ ಹೇಳುತ್ತೇನೆ. ಈ ವಿಷಯದಲ್ಲಿ ನಾವಿಬ್ಬರೂ ಕೊನೆಯವರೆಗೂ ಜಗಳವಾಡಿದೆವು. ಆ ಮುಚ್ಚಳಕ್ಕೆ ಮಾತ್ರ, ಮುಂದೆ ಯಾವ ಸಾಹೇಬರೂ ತೆಗೆಸದ ಹಾಗೆ, ಅವರೇ ನಿಂತು ರಿವೆಟ್ ಹೊಡೆಸಿದರು.

ಮದಾಮ್ — ಕೈ ಸುಟ್ಟದ್ದು ಚಹಾದ ಕೆಟಲ್ ತಗುಲಿ ಅಂತ ನಿಮಗೆ ಅವರು ಹೇಳಿದ್ದರು. ನೀವು ಹಲ್ಲುಜ್ಜುವ ಪೇಸ್ಟ್ ಹಚ್ಚಿ, ಲೇಸರ್ ಹಿಡಿಯೋನಿಗೆ ಕೆಟಲ್ ಹಿಡಿಯೋಕೆ ಬರಲ್ವಾ ಅಂತ ರೇಗಿಸಿದಿರಂತೆ. ಮರುದಿನ ಬಂದು ನನಗೆ ಹೇಳಿ ನಕ್ಕರು. ಅದು ಚಹಾ ಅಲ್ಲ, ಮದಾಮ್. ನಿಮ್ಮ ಯಜಮಾನರು ಯಾರಿಗೂ ಅವಮಾನ ಮಾಡಲಿಲ್ಲ. ಒಬ್ಬರ ಕಣ್ಣು ಉಳಿಸಿದರು. ತಲೆ ಎತ್ತಿ ಕೂರಿ.

ಇದಿಷ್ಟು. ಈ ಮಾತಿಗೆ ಲ್ಯಾಬ್ ಹೋದರೆ ಹೋಗಲಿ ಅಂತ ನಾನು ಹೇಳಲಾರೆ — ಅದು ಹೋದರೆ ಅವರು ಮಾಡಿದ್ದೆಲ್ಲ ಹೋದಂತೆ. ಆದರೆ ಅವರ ಹೆಸರನ್ನು ಹೀಗೆ ನಗೆಪಾಟಲಾಗಲು ಬಿಟ್ಟು ಮನೆಗೆ ಹೋಗುವುದು ನನ್ನಿಂದ ಆಗಲಿಲ್ಲ.

ಸಫ್ವತ್ ಬೇ ಎದ್ದರು. ಬಾಗಿಲು ಆ ಕಡೆ ಇದೆ, ಬೇ. ದಾರಿ ಬಿಡಿ ಅವರಿಗೆ, ಯಾರೂ ತಡೆಯಬೇಡಿ —

ಇಲ್ಲ. ಅವರು ಹೋಗುತ್ತಿಲ್ಲ. ಮದಾಮ್ ಇಬ್ತಿಹಾಲ್ ಅವರ ಮುಂದೆ ಬಂದು ನಿಂತಿದ್ದಾರೆ. ಕೈ ಕಟ್ಟಿಕೊಂಡು, ತಲೆ ಬಗ್ಗಿಸಿ ನಿಂತಿದ್ದಾರೆ.

ಏನೂ ಮಾತಾಡಬೇಡಿ, ಬೇ. ಹಾಗೇ ನಿಂತಿರಿ. ಎದ್ದು ನಿಲ್ಲಿ ಅಂತ ಎಲ್ಲರನ್ನೂ ಕೇಳಿಕೊಳ್ಳಬೇಕಾದವಳು ನಾನು. ನನಗಿಂತ ಮುಂಚೆ ಇವರು ಎದ್ದಿದ್ದಾರೆ. ಬನ್ನಿ, ನಾವೂ ಏಳೋಣ. ಡಾಕ್ಟರ್ ಶೌಕಿಗಾಗಿ, ಸ್ವಲ್ಪ ಹೊತ್ತು, ಮಾತಿಲ್ಲದೆ.