ತಾತನ ಬಯನೆಟ್

ಕತ್ತರಿಗೆ ಸಾಣೆ ಹಿಡಿಸಲು ಬಂದು ಅಂಗಡಿಯ ಬೆಂಚಿನಲ್ಲಿ ಕೂತಿದ್ದ ದರ್ಜಿಯ ಕಿವಿ, ಹಳೇ ಚಾಕುವೊಂದನ್ನು ಸಾಣೆಗೆ ತಂದು ಪಕ್ಕದಲ್ಲಿ ಕೂತಿದ್ದ ಅಕ್ಕ-ತಮ್ಮನ ಜಗಳದ ಕಡೆಗೇ ಇತ್ತು.

“ಯುದ್ಧದಿಂದ ತಂದ ಬಯನೆಟ್, ಕೋವಿ ತುದಿಗೆ ಸಿಕ್ಕಿಸೋ ಚೂರಿ ಅಂತ ತಾತ ಬುರುಡೆ ಬಿಡ್ತಾರಕ್ಕಾ. ಇದರ ಮೇಲೆ ಸೈನ್ಯದ ಒಂದು ಮುದ್ರೆಯೂ ಇಲ್ಲ. ಇದರ ಹಿಡಿ ನೋಡು, ಅಪ್ಪಟ ಅಡುಗೆಮನೆ ಚಾಕು.”

“ಹಳೇ ಹಿಡಿ ಒಡೆದಾಗ ಅಜ್ಜಿ ಬೇರೆ ಹಾಕಿಸಿದ್ರು ಕಣೋ, ಕುಂಬಳಕಾಯಿ ಹೆಚ್ಚೋಕೆ. ಹಿಡಿಯ ಮಾತು ಬಿಡು, ಈ ಉಂಗುರ ನೋಡು. ಕೋವಿಯ ನಳಿಗೆ ಇದರೊಳಗೆ ತೂರುತ್ತೆ. ಹಿಂದಿನ ಈ ಸೀಳು ಕೋವಿಗೆ ಕಚ್ಚಿಕೊಳ್ಳುತ್ತೆ. ಕುಂಬಳಕಾಯಿಗೆ ಇದೆಲ್ಲ ಯಾಕೋ?”

ತಮ್ಮ ಉಂಗುರದೊಳಗೆ ಬೆರಳು ತೂರಿಸಿ ನೋಡಿದ.

“ಅಯ್ಯಯ್ಯೋ! ಹಾಗಾದ್ರೆ ಆ ಯುದ್ಧದ ಕಥೆಯನ್ನೆಲ್ಲ ಮತ್ತೆ ಮೊದಲಿಂದ ಕೇಳಬೇಕಾ?”

“ಹೂಂ. ಈ ಸಲ ಆಕಳಿಸದೆ.”

ಅದನ್ನು ಸಾಣೆಗೂ ಕೊಡದೆ ಇಬ್ಬರೂ ನಗುತ್ತಾ ಮನೆಯ ಕಡೆ ಓಡಿದರು.