ನೀರಿನ ತಾಕು ಮೊದಲು

ಈಗ ಮಧ್ಯಾಹ್ನ ಮೂರು ಗಂಟೆ. ಬೆಳಿಗ್ಗೆ ಆರಕ್ಕೆ ಹುಳುಮನೆಯ ಬಾಗಿಲು ತೆಗೆದು ಹುಳು ಸಾಕುವ ನಾಲ್ಕು ನೂರು ಲೋಟಗಳಿಗೆ ಹೊಸ ಎಲೆ ಹಾಕಿದೆವು. ಹುಳುಗಳಿಗೆ ಸಾವಿನ ಮನೆ ಗೊತ್ತಿಲ್ಲ, ಹೊತ್ತಿಗೆ ಸರಿಯಾಗಿ ತಿನ್ನುತ್ತವೆ. ಹನ್ನೊಂದಕ್ಕೆ ಮಿಸ್ ವರ್ಲೀ ಗಿಡ್ರೋ ಅವರನ್ನು ಮಣ್ಣಿಗೆ ಒಪ್ಪಿಸಿ ಬಂದೆವು.

ಪೂಜ್ಯ ಪಾದ್ರಿಗಳೇ, ನೆಲ್ಡಾ, ಗಿಡ್ರೋ ಮನೆಯವರೇ, ಕೇಂದ್ರದ ಗೆಳೆಯರೇ, ಕೆಲಸ ಬಿಟ್ಟು ಬಂದಿರುವ ರೈತರೇ — ನಿಮಗೆಲ್ಲ ನನ್ನ ವಂದನೆ. ನನ್ನ ಹೆಸರು ಅಲ್ಸೀಡ್. ಈ ಸೋಯಾ ಸಂಶೋಧನಾ ಕೇಂದ್ರದಲ್ಲಿ ಇಪ್ಪತ್ತಾರು ವರ್ಷಗಳಿಂದ ಮದ್ದು ಸಿಂಪಡಿಸುವ ಟ್ರ್ಯಾಕ್ಟರ್ ಓಡಿಸುತ್ತಿದ್ದೇನೆ. ಮಿಸ್ ವರ್ಲೀ ಹುಳು ಸಾಕುತ್ತಿದ್ದರು, ಹುಳು ಎಣಿಸುತ್ತಿದ್ದರು. ನಿನ್ನೆ ಅವರ ಮಗಳು ನೆಲ್ಡಾ ಫೋನು ಮಾಡಿ, "ಅಲ್ಸೀಡ್ ಅಂಕಲ್, ಅಮ್ಮನ ಬಗ್ಗೆ ನಗಿಸೋ ಮಾತು ಒಂದೆರಡು ಹೇಳಿ, ಜನ ತುಂಬಾ ಅತ್ತಿದಾರೆ" ಅಂದಳು. ಹೇಳುತ್ತೇನೆ. ಆದರೆ ಆಮೇಲೆ ಇನ್ನೊಂದು ಮಾತು ಹೇಳುವುದಿದೆ.

ಈ ಬಟ್ಟೆ ನೋಡಿ — ಹಿಂದೆ ಕೂತವರಿಗೂ ಕಾಣಲಿ. ಇದು ಅವರದು. ಎರಡು ಸಾಲುಗಳ ನಡುವೆ ಹೀಗೆ ಹಾಸುವುದು. ಗಿಡ ಬಗ್ಗಿಸಿ ಹೀಗೆ — ಹೀಗೆ — ಕೊಡವುವುದು. ಬಿದ್ದ ಹುಳುಗಳನ್ನು ಎಣಿಸುವುದು. ಒಂದು ಸಲ ನಮ್ಮ ರಾಸ್ಕೋ ಬೇಲಿಯಾಚೆ ಪಿಕಪ್ ನಿಲ್ಲಿಸಿ ಕೂಗಿದ. ರಾಸ್ಕೋ, ಇಲ್ಲೇ ಇದ್ದೀಯಲ್ಲ, ನಿಜವೋ ಸುಳ್ಳೋ ನೀನೇ ಹೇಳು.

"ಏನ್ ಮಿಸ್ ವರ್ಲೀ, ಹುಳುಗಳ ಹೆಣ ಎಣಿಸೋದು ಮುಗೀತಾ?"

"ಇಲ್ಲಿ ಮುಗೀತು ಕಣಪ್ಪ. ನಿನ್ನ ಹೊಲದಲ್ಲಿ ಒಂದು ಹೆಣಾನೂ ಸಿಗಲ್ಲ. ಅಲ್ಲಿ ಎಲ್ಲಾ ನಿನ್ನ ಹಾಗೇ ತಿಂದು ದುಂಡಗಾಗಿವೆ!"

ನಾವೆಲ್ಲ ನಕ್ಕೆವು. ಆದರೆ ಅವರು ತಮಾಷೆ ಮಾಡಿರಲಿಲ್ಲ.

ಎಲೆ ತಿನ್ನುವ ಆ ಹಸಿರು ಹುಳುಗಳಿಗೂ ಒಂದು ಬೂಷ್ಟು ಬರುತ್ತದೆ. ತಗುಲಿದ ಹುಳು ಗಿಡದ ತುದಿಗೆ ಹತ್ತಿ, ಎಲೆಯನ್ನು ಹಿಡಿದುಕೊಂಡು, ಸುಣ್ಣ ಬಳಿದ ಹಾಗೆ ಬೆಳ್ಳಗಾಗಿ ಸಾಯುತ್ತದೆ. ಸೋಯಾದ ಎಲೆರೋಗಕ್ಕೆಂದು ನಾವು ಹೊಡೆಯುವ ಮದ್ದು ಆ ಬೂಷ್ಟನ್ನೂ ಕೊಲ್ಲುತ್ತದೆ. ಆಗ ಹುಳು ಬದುಕಿಕೊಳ್ಳುತ್ತದೆ, ಬೆಳೆಯುತ್ತದೆ, ಹೊಲ ತಿನ್ನುತ್ತದೆ. ಪುಸ್ತಕದಲ್ಲಿ ಇದ್ದ ಮಾತಂತೆ. ನಮ್ಮ ಮಣ್ಣಿನಲ್ಲಿ ಎಣಿಸಿ ತೋರಿಸುತ್ತೇನೆ ಎಂದವರು ಮಿಸ್ ವರ್ಲೀ ಒಬ್ಬರೇ.

ಒಂಬತ್ತು ವರ್ಷಗಳ ಹಿಂದೆ, ಆಗಸ್ಟ್ ತಿಂಗಳು. ಆಗಿನ ಮುಖ್ಯಸ್ಥರನ್ನು ಕಾಡಿ ಬೇಡಿ ಪ್ರಯೋಗಕ್ಕೆಂದು ಹೊಲದ ಹನ್ನೆರಡು ತಾಕು ಪಡೆದರು. ಆರು ತಾಕಿಗೆ ಮದ್ದು, ಆರು ತಾಕಿಗೆ ಬರೀ ನೀರು. ಒಂದೇ ಟ್ಯಾಂಕು. ಆದ್ದರಿಂದ ನೀರಿನ ತಾಕು ಮೊದಲು, ಮದ್ದಿನದು ಆಮೇಲೆ. ರಟ್ಟಿನ ಮೇಲೆ "ನೀರು ಮೊದಲು" ಎಂದು ಬರೆದು ನನ್ನ ಸೀಟಿನ ಮುಂದೆ ತಂತಿಯಲ್ಲಿ ಕಟ್ಟಿದ್ದರು.

ಸಿಂಪಡಿಸುವ ಹಿಂದಿನ ದಿನ ಬೇರೆ ಹೊಲಕ್ಕೆಂದು ಮದ್ದು ಕಲಸಿದ ಮೇಲೆ ಮಳೆ ಬಂದು ಟ್ಯಾಂಕು ಹಾಗೇ ನಿಂತಿತ್ತು. ಮರುದಿನ ಶುಕ್ರವಾರ. ಇದೇ ಸಭಾಂಗಣದಲ್ಲಿ ಐದು ಗಂಟೆಗೆ ಮೀನು ಕರಿಯುತ್ತಿದ್ದರು. ಅದಕ್ಕೆ ಹೊತ್ತಾಗುತ್ತದೆಂದು ನಾನು ಕಲಸಿದ್ದನ್ನು ಮದ್ದಿನ ತಾಕುಗಳಿಗೆ ಮೊದಲು ಹೊಡೆದೆ. ಮೂರು ಸಲ ತೊಳೆಯಬೇಕಾಗಿದ್ದ ಟ್ಯಾಂಕನ್ನು — ತೊಳೆಯಲಿಲ್ಲ. ತಳದಲ್ಲಿ ಉಳಿದದ್ದರ ಮೇಲೆಯೇ ನೀರು ತುಂಬಿಸಿ ಉಳಿದ ಆರಕ್ಕೂ ಹೊಡೆದೆ.

ಮೀನಿನ ತಟ್ಟೆ ಹಿಡಿದು ಸಾಲಿನಲ್ಲಿ ನಿಂತಾಗ ಅವರು ನನ್ನ ಹಿಂದೆಯೇ ಇದ್ದರು.

"ಅಲ್ಸೀಡ್, ನೀರು ಮೊದಲು ತಾನೆ?"

"ಹೌದು ಮಿಸ್ ವರ್ಲೀ."

"ನಿನ್ನನ್ನ ಕೇಳಲೇಬಾರದಿತ್ತು ಬಿಡು. ಬೇಜಾರ್ ಮಾಡ್ಕೋಬೇಡ." ಅಂದು ತಮ್ಮ ತಟ್ಟೆಯ ಒಂದು ತುಂಡು ನನಗೆ ಹಾಕಿದರು.

ಮೂರು ವಾರ ಎಣಿಸಿದರು. ಹನ್ನೆರಡು ತಾಕುಗಳಲ್ಲೂ ಹುಳು ದಷ್ಟಪುಷ್ಟ. ನೀರಿನ ತಾಕುಗಳಲ್ಲಿ ಕಾಣಬೇಕಿದ್ದ ಬಿಳಿ ಹುಳು ಎಲ್ಲೂ ಇಲ್ಲ. ರೈತರ ದಿನದಂದು ಮುಖ್ಯಸ್ಥರು ಮೈಕಿನಲ್ಲಿ, "ಮದ್ದಿಗೂ ಹುಳುವಿಗೂ ಸಂಬಂಧವಿಲ್ಲ. ನಮ್ಮ ಮಿಸ್ ವರ್ಲೀ ದೆವ್ವ ಎಣಿಸುತ್ತಿದ್ದರು" ಎಂದರು. ಜನ ನಕ್ಕರು. ನಾನೂ ನಕ್ಕೆ — ನೆಲ್ಡಾ, ನಾನೂ ನಕ್ಕೆ. ಆಮೇಲೆ ಅವರಿಗೆ ಒಂದು ತಾಕೂ ಸಿಗಲಿಲ್ಲ. ಇಲ್ಲಿರುವ ರೈತರೇ, ನೀವು ಬೇಕಿದ್ದಾಗಲೂ ಬೇಡದಿದ್ದಾಗಲೂ ಮದ್ದು ಹೊಡೆಯುತ್ತ ಬಂದಿರಿ. ಹುಳು ಯಾಕೆ ಹೆಚ್ಚಿತು ಎಂದು ನನ್ನನ್ನೇ ಕೇಳಿದ್ದೀರಿ. "ಈ ವರ್ಷದ ಸೆಕೆ" ಎಂದಿದ್ದೇನೆ.

ಆ ರೈತರ ದಿನದ ಮುಂದಿನ ಸೋಮವಾರ ಮಿಸ್ ವರ್ಲೀ ಹೊಸ ಕನ್ನಡಕ ಹಾಕಿಕೊಂಡು ಬಂದರು. ಬಿಳಿ ಹುಳುಗಳನ್ನು ತಮ್ಮ ಕಣ್ಣೇ ತಪ್ಪಿಸಿತು ಅಂದುಕೊಂಡಿದ್ದರು. ಆ ಕನ್ನಡಕವನ್ನು ನಾನು ಒಂಬತ್ತು ವರ್ಷ ನೋಡಿದೆ. ದಿನಾ ನೋಡಿದೆ.

ಹೋದ ತಿಂಗಳು ಆಸ್ಪತ್ರೆಯಲ್ಲಿ ಕೈ ಹಿಡಿದುಕೊಂಡು ಕೇಳಿದರು: "ಆ ವರ್ಷ ನನ್ನ ಕಣ್ಣು ಅಷ್ಟೊಂದು ಕೆಟ್ಟಿತ್ತಾ ಅಲ್ಸೀಡ್?"

ನಾನು ದಿಂಬು ಸರಿ ಮಾಡಿದೆ. "ನೀರು ಕುಡೀತೀರಾ?" ಎಂದು ಕೇಳಿದೆ. ಅಷ್ಟೇ. 

ಮಿಸ್ ವರ್ಲೀ — ನಿಮ್ಮ ಕಣ್ಣು ಸರಿಯಾಗಿಯೇ ಇತ್ತು. ಇದನ್ನು ಹೇಳಲು ನನಗೆ ಒಂಬತ್ತು ವರ್ಷ ಬೇಕಾಯಿತು, ಹೇಳುವಾಗ ಕೇಳಲು ನೀವಿಲ್ಲ. ನೆಲ್ಡಾ, ಕ್ಷಮಿಸು ಎಂದು ನಿನ್ನನ್ನು ಕೇಳುವುದಿಲ್ಲ. ಅದು ನಿನ್ನ ಹತ್ತಿರ ಕೇಳಬೇಕಾದದ್ದಲ್ಲ. ಈ ಬಟ್ಟೆ ಮಾತ್ರ ನಿನ್ನದು. ಹುಳು ಎಣಿಸಲು ಸೋಯಾ ಕೊಯ್ಲಿನವರೆಗೆ ನನ್ನ ಹತ್ತಿರ ಇರಲಿ ಅಂತೀಯೋ, ಈಗಲೇ ಕೊಡು ಅಂತೀಯೋ — ನೀನು ಹೇಳಿದ ಹಾಗೆ.

ಇಂದು ಬೆಳಿಗ್ಗೆ, ಹುಳುಗಳಿಗೆ ಎಲೆ ಹಾಕಿದ ಮೇಲೆ, ಹೊಸ ಮುಖ್ಯಸ್ಥರಿಗೆ ಎಲ್ಲ ಹೇಳಿದೆ.  ಅವರು ಪಡುವಣ ಹೊಲದಲ್ಲಿ ಇನ್ನೂ ಏನೂ ಸಿಂಪಡಿಸದ ಸೋಯಾ ಎಷ್ಟಿದೆ ಎಂದು ಕೇಳಿದರು.

ಒಳಗೆ ಗಂಬೋ ಸಾರು ಬಿಸಿಯಾಗಿದೆ, ಅನ್ನವೂ ಇದೆ. ನನ್ನ ಜೊತೆ ಕೂತು ಉಣ್ಣಲು ಮನಸ್ಸಿಲ್ಲದವರು ಬೇರೆ ಮೇಜಿಗೆ ಹೋಗಿ, ನಾನು ತಪ್ಪು ತಿಳಿಯುವುದಿಲ್ಲ. ಅದಕ್ಕೆ ಮೊದಲು ಎಲ್ಲರೂ ಎದ್ದು ನಿಲ್ಲಿ. ಟೋಪಿ ತೆಗೆಯಿರಿ. ಅವರು ಒಂದು ಗಿಡ ಎಣಿಸುವಷ್ಟು ಹೊತ್ತು — ಅವರು ಬೇಗ ಎಣಿಸುತ್ತಿರಲಿಲ್ಲ — ಸುಮ್ಮನೆ ನಿಲ್ಲೋಣ.

ನಾಳೆ ಬೆಳಿಗ್ಗೆ ಆರಕ್ಕೆ ಪಡುವಣ ಹೊಲದ ಹನ್ನೆರಡು ತಾಕುಗಳಿಗೆ ಸಿಂಪಡಣೆ. ನೀರಿನವು ಮೊದಲು. ಟ್ರ್ಯಾಕ್ಟರ್ ಬೇರೆಯವರು ಓಡಿಸುತ್ತಾರೆ.