ಕಡೀ ವಾರದ ಸಾಲುಗಳು

ಮುಂಬಯಿಯ ಸಯನ್ ಬಸ್ ಸ್ಟಾಪಿನ ಸಾಲಿನಲ್ಲಿ ಭುವನೇಶ್ವರಿಯ ಮುಂದೆ ಅಕ್ಕ-ತಮ್ಮ ನಿಂತಿದ್ದರು. ತಮ್ಮ ಲ್ಯಾಪ್‌ಟಾಪ್ ಬ್ಯಾಗನ್ನು ಎದೆಗವಚಿಕೊಂಡಿದ್ದ. ತನ್ನೂರ ಕಡೆಯ ಕನ್ನಡ ಕಿವಿಗೆ ಬಿದ್ದದ್ದೇ ಅವಳು ತಲೆ ತಗ್ಗಿಸಿ ಆಲಿಸಿದಳು.

“ಅವ್ವ ಹೋಗಿ ತಿಂಗಳಾತು. ಅಕೀ ಮೆಸೇಜ್ ಎಲ್ಲಾ ಒಂದ ಕಡೆ ತಂದ್ಯೇನು, ಗುರು?”

“ನನ್ನ ಫೋನಿನ ಹತ್ತು ವರ್ಷದ ಮೆಸೇಜ್ ಎಲ್ಲಾ ಒಂದ ಫೈಲಿನಾಗ ಇದ್ವು, ಅಕ್ಕಾ. ಒಮ್ಮೆಲೆ ತೆಗದ್ರ ಲ್ಯಾಪ್‌ಟಾಪ್ ನಿಂತುಬಿಡ್ತಿತ್ತು. ಅದಕ್ಕ ಒಂದೊಂದ ಸಾಲು ಓದಿ, ಅವ್ವನವಷ್ಟೇ ಬ್ಯಾರೆ ಫೈಲಿಗೆ ಬರಿಯೋ ಪ್ರೋಗ್ರಾಂ ಮಾಡಿದೆ.”

“ಶಾಣ್ಯಾ ಇದ್ದಿ ಬಿಡು. ಮತ್ತ ಮಾರಿ ಯಾಕ ಹಂಗೈತಿ?”

“ಓದೂದು, ಬರಿಯೂದು ಎರಡೂ ಕೂಡೇ ನಡದಿತ್ತು. ಬರಿಯೂದು ಮುಗಿಯೂತನಕ ಕಾಯಿ ಅಂತ ಪ್ರೋಗ್ರಾಂಗೆ ಹೇಳೂದು ಮರತೆ. ಓದೂದು ಮುಗದಕೂಡ್ಲೇ ಬಂದ್ ಆತು. ಅವ್ವನ ಕಡೀ ವಾರದ್ದು ಹೊಸ ಫೈಲಿಗೆ ಬರಲೇ ಇಲ್ಲ.”

“ಮೊದಲಿನ ಫೈಲ್?”

“ಜಾಗ ಸಾಲಲಿಲ್ಲಂತ ಅಳಿಸಿದೆ. ನನ್ನ ಹಳೇ ಫೋನೂ ಖಾಲಿ ಮಾಡಿ ಅಂಗಡಿಗೆ ಕೊಟ್ಟೆ. ಅವ್ವನ ಫೋನು?”

“ಖಾಲಿ ಮಾಡಿ ಚಿಗವ್ವಗ ಕೊಟ್ಟೆನಲ್ಲೋ.”

ಸಾಲು ಸರಿಯಿತು. ಅಕ್ಕ ಮತ್ತೆ ತಮ್ಮನತ್ತ ತಿರುಗಿದಳು.

“ಆ ವಾರ ನಿನಗ ಏನ್ ಬರದಿದ್ಲು? ನೆನಪಿದ್ದಷ್ಟು ಹೇಳು.”

“ಆಫೀಸ್ ಗದ್ದಲದಾಗ ಆಮ್ಯಾಲೆ ಓದಿದ್ರಾತು ಅಂತ ಬಿಟ್ಟಿದ್ದೆ, ಅಕ್ಕಾ. ಅಕೀ ಹೋದಮ್ಯಾಲೆ ತೆಗಿಯಾಕ ಧೈರ್ಯ ಆಗಲಿಲ್ಲ.”

ಬಸ್ಸು ಬಂತು. ಅಕ್ಕ ಅವನ ರಟ್ಟೆ ಹಿಡಿದು ಹತ್ತಿಸಿದಳು. ಭುವನೇಶ್ವರಿಯದೂ ಅದೇ ಬಸ್ಸು. ಆದರೂ ಅಷ್ಟನ್ನೂ ಕದ್ದು ಕೇಳಿದ ಮೇಲೆ ಅವರ ಹಿಂದೆ ಹತ್ತಲು ಅವಳಿಗೆ ಮನಸ್ಸಾಗಲಿಲ್ಲ.